ವಾಹನಗಳ ಹಿಂಬದಿಗೆ ರಿಕವರಿ ಪಾಯಿಂಟ್ ಅಳವಡಿಸುವ ಬಗ್ಗೆ ಮಾಹಿತಿ

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟದ ದಾರಿಗಳಲ್ಲಿ ಫೋರ್ ವೀಲ್ ಡ್ರೈವ್ ವಾಹನಗಳೂ ಕೆಸರಿನಲ್ಲಿ ಹೂತುಹೋಗುವುದುಂಟು. ಅಂತಹ ವಾಹನವನ್ನು ಇನ್ನೊಂದು ವಾಹನದಿಂದ ಎಳೆದು ಹೊರತೆಗೆಯಲು ಬೆಲ್ಟ್ ಅಥವಾ ಹಗ್ಗವನ್ನು ಸಿಕ್ಕಿಸುವ ಭದ್ರವಾದ ಕೊಂಡಿಗೆ ರಿಕವರಿ ಪಾಯಿಂಟ್ ಎನ್ನಲಾಗುತ್ತದೆ. ಇದನ್ನು ವಾಹನದ ಹಿಂಬದಿಗೆ ಅಳವಡಿಸಿಕೊಳ್ಳಬಯಸುವ ಮಾಲೀಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹೂತ ವಾಹನದ ಮುಂದಿರುವ ನೆಲ ಹೇಗಿದೆಯೆಂಬುದು ಚಾಲಕರಿಗೆ ತಿಳಿದಿರುವುದಿಲ್ಲ. ಹಿಂದಿನ ದಾರಿಯನ್ನಾದರೋ ಆಗಲೇ ದಾಟಿ ಬಂದಿರುತ್ತಾರೆ. ಆದುದರಿಂದ ಬಹುತೇಕ ಸಂದರ್ಭಗಳಲ್ಲಿ ಬಂದ ದಾರಿಗೇ ಹಿಂದಕ್ಕೆ ಎಳೆಯುವುದು ಕ್ಷೇಮ. ಬೇರೊಬ್ಬರ ವಾಹನವನ್ನು ಎಳೆಯುವಾಗಲೂ ಬೆಲ್ಟನ್ನು ಸಾಮಾನ್ಯವಾಗಿ ನಮ್ಮ ವಾಹನದ ಹಿಂಬದಿಗೇ ಕಟ್ಟಬೇಕಾಗುತ್ತದೆ.

ಯಾವುದಕ್ಕೆ ಕಟ್ಟಬಾರದು?

ವಾಹನದ ಅಡಿಯಲ್ಲಿ ಕಾಣುವ ಕಬ್ಬಿಣದ ಬಳೆಗಳೆಲ್ಲವೂ ಈ ಕೆಲಸಕ್ಕೆ ಬರುವುದಿಲ್ಲ. ಹೊಸ ವಾಹನವನ್ನು ಲಾರಿಯಲ್ಲಿ ಸಾಗಿಸುವಾಗ ಅಲುಗಾಡದಂತೆ ಬಿಗಿಯಲು ಕೆಲವು ಬಳೆಗಳಿರುತ್ತವೆ. ಕೆಟ್ಟುನಿಂತ ವಾಹನವನ್ನು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಎಳೆದೊಯ್ಯಲು ಮತ್ತೆ ಕೆಲವು ಇರುತ್ತವೆ. ಯಾವುದು ಯಾವ ಉಪಯೋಗಕ್ಕೆ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಟ್ರೈಲರ್ ಜೋಡಿಸುವ ಗುಂಡಿಗೆ, ಅಂದರೆ ಟೋ ಬಾಲ್‌ಗೆ, ಯಾವ ಕಾರಣಕ್ಕೂ ರಿಕವರಿ ಬೆಲ್ಟ್ ಸಿಕ್ಕಿಸಬಾರದು. ಹಿಗ್ಗುವ ಬೆಲ್ಟ್‌ನಿಂದ ಜಗ್ಗಿದಾಗ ಉಂಟಾಗುವ ಒತ್ತಡವು ವಾಹನದ ತೂಕವನ್ನೂ ಮೀರಬಹುದು. ಆಗ ಗುಂಡು ಮುರಿದರೆ ಬೆಲ್ಟ್ ಅದನ್ನು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ಅದು ಗಾಜನ್ನು ಒಡೆದು ಒಳನುಗ್ಗಿ ಚಾಲಕರು ಮೃತಪಟ್ಟ ಪ್ರಕರಣಗಳು ಆಸ್ಟ್ರೇಲಿಯಾದಲ್ಲಿ ವರದಿಯಾಗಿವೆ. ಬಂಪರ್, ಆಕ್ಸಲ್ ಮತ್ತು ಸ್ಪ್ರಿಂಗ್ ಹ್ಯಾಂಗರ್‌ಗಳಿಗೂ ಕಟ್ಟತಕ್ಕದ್ದಲ್ಲ.

ಅಳವಡಿಸುವ ವಿಧಾನ

ಕೊಂಡಿ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಯಾವುದಕ್ಕೆ ಬಿಗಿಯಲಾಗಿದೆಯೋ ಅದರಷ್ಟೇ ಅದರ ಬಲ. ಥಾರ್, ಜಿಪ್ಸಿ, ಜಿಮ್ನಿ ಮುಂತಾದ ಪ್ರತ್ಯೇಕ ಚಾಸಿಯುಳ್ಳ ವಾಹನಗಳಲ್ಲಿ ಕೊಂಡಿಯನ್ನು ಚಾಸಿಯ ಉದ್ದ ತೊಲೆಗೆ ಅಥವಾ ಅದಕ್ಕೆ ಭದ್ರವಾಗಿ ಜೋಡಿಸಿದ ಹಿಂಬದಿಯ ಅಡ್ಡ ತೊಲೆಗೆ ಬಿಗಿಯಬೇಕು. ಆಯಾ ಮಾದರಿಗೆಂದೇ ತಯಾರಾದ, ಭಾರ ಸಾಮರ್ಥ್ಯವನ್ನು ನಮೂದಿಸಿದ ಕೊಂಡಿಯನ್ನೇ ಕೊಳ್ಳಬೇಕು. ಬೋಲ್ಟ್‌ಗಳು 8.8 ಅಥವಾ 10.9 ದರ್ಜೆಯವಾಗಿರಬೇಕು, ಈ ಅಂಕಿ ಬೋಲ್ಟಿನ ತಲೆಯ ಮೇಲೆಯೇ ಅಚ್ಚಾಗಿರುತ್ತದೆ. ಒಂದೇ ಬೋಲ್ಟಿನ ಮೇಲೆ ಭಾರ ಬೀಳದಂತೆ ಹಂಚಿಕೆಯಾಗಬೇಕು. ಪೆಟ್ಟಿಗೆಯಾಕಾರದ ತೊಲೆಗೆ ಬೋಲ್ಟ್ ಹಾಕುವಾಗ ತೊಲೆ ಚಪ್ಪಟೆಯಾಗದಂತೆ ಒಳಗೆ ಉಕ್ಕಿನ ಕೊಳವೆಯನ್ನು ಇಡುವುದು ಅವಶ್ಯ. ಹಳ್ಳಿಯ ವರ್ಕ್‌ಶಾಪ್‌ಗಳಲ್ಲಿ ಚಾಸಿಗೆ ನೇರವಾಗಿ ಕೊಕ್ಕೆಯನ್ನು ವೆಲ್ಡಿಂಗ್ ಮಾಡಿಸುವ ರೂಢಿ ಇದೆ. ಇದು ಅಗ್ಗವೆನಿಸಿದರೂ ಬಿಸಿಗೆ ಸಿಕ್ಕ ಲೋಹ ಬಲಗುಂದಿ, ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡಬಹುದಾದ ಕಾರಣ ಇದನ್ನು ಮಾಡಿಸದಿರುವುದು ಒಳಿತು.

ಬೆಲ್ಟನ್ನು ಕೊಂಡಿಗೆ ಸೇರಿಸುವ ಶ್ಯಾಕಲ್ ಮೇಲೆ ಸಾಮರ್ಥ್ಯವನ್ನು ಟನ್‌ಗಳಲ್ಲಿ ಮುದ್ರಿಸಿರಬೇಕು, ಬರಹವಿಲ್ಲದ್ದನ್ನು ಬಳಸಬಾರದು. ಬೆಲ್ಟಿನ ಕನಿಷ್ಠ ಮುರಿಬಲವು ಎರಡು ವಾಹನಗಳ ಪೈಕಿ ಹಗುರವಾದುದರ ಒಟ್ಟು ತೂಕದ 2 ರಿಂದ 3 ಪಟ್ಟು ಇರುವುದು ಸೂಕ್ತ. ಉದಾಹರಣೆಗೆ, ಒಟ್ಟು ತೂಕ 2,300 ಕೆ.ಜಿ. ಇದ್ದಲ್ಲಿ 4,600 ರಿಂದ 6,900 ಕೆ.ಜಿ.

ಕಾನೂನಿನ ನಿಬಂಧನೆಗಳು

ಮೋಟಾರು ವಾಹನಗಳ ಅಧಿನಿಯಮ, 1988 ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ರಚನೆಯಲ್ಲಿ ಬದಲಾವಣೆಯಾಗಿ ವಾಹನದ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು ಎನಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು ಜನವರಿ 2019 ರಲ್ಲಿ ನೀಡಿದ ತೀರ್ಪಿನಲ್ಲಿಯೂ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. 2019 ರ ತಿದ್ದುಪಡಿಯಿಂದ ಬದಲಿಸಲಾದ 182ಎ ಪ್ರಕರಣದಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಆದುದರಿಂದ ಚಾಸಿಯನ್ನು ಕತ್ತರಿಸದೆ, ವಾಹನದ ಉದ್ದವನ್ನು ಹೆಚ್ಚಿಸದೆ, ನೋಂದಣಿ ಫಲಕವನ್ನಾಗಲಿ ದೀಪಗಳನ್ನಾಗಲಿ ಮರೆಮಾಡದೆ, ಈಗಾಗಲೇ ಇರುವ ರಂಧ್ರಗಳಿಗೇ ಬಿಗಿಯುವ ಕೊಂಡಿಯನ್ನು ಆರಿಸಿಕೊಳ್ಳುವುದು ಜಾಣತನ. ತಯಾರಕರೇ ಒದಗಿಸುವ ಬಿಡಿಭಾಗ ದೊರೆಯುವಲ್ಲಿ ಅದಕ್ಕೇ ಆದ್ಯತೆ ನೀಡಿ, ರಸೀದಿಯನ್ನು ಕಾಯ್ದಿರಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಕೊಂಡಿಯ ವಿವರಪತ್ರದೊಂದಿಗೆ ನೋಂದಣಿ ಪ್ರಾಧಿಕಾರವನ್ನು ಮೊದಲೇ ಲಿಖಿತವಾಗಿ ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಬಿಚ್ಚಿಸುವ ಖರ್ಚೂ ಮಾಲೀಕರದೇ ಆಗುತ್ತದೆ. ಅನುಮೋದನೆ ಪಡೆದು ಮಾರ್ಪಾಡು ಮಾಡಿಸಿದ್ದಲ್ಲಿ, 14 ದಿನಗಳೊಳಗಾಗಿ ತಾವು ವಾಸಿಸುವ ವ್ಯಾಪ್ತಿಯ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪತ್ರವನ್ನು ನಿಗದಿತ ಶುಲ್ಕದೊಡನೆ ಸಲ್ಲಿಸತಕ್ಕದ್ದು. ವಾಹನದ ಮೇಲೆ ಸಾಲವಿದ್ದರೆ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನೂ ಪಡೆದಿರುವುದು ಉತ್ತಮ.

ಎಳೆಯುವ ವೇಳೆ ಬೆಲ್ಟಿನ ಮಧ್ಯಭಾಗದ ಮೇಲೆ ಒದ್ದೆ ಗೋಣಿಚೀಲವನ್ನು ಹೊದಿಸಬೇಕು. ಸುತ್ತ ನಿಂತವರನ್ನು ಬೆಲ್ಟಿನ ಉದ್ದದ ಕನಿಷ್ಠ ಒಂದೂವರೆ ಪಟ್ಟು ದೂರಕ್ಕೆ ಕಳುಹಿಸಬೇಕು. ತೋಟದ ಕೆಲಸದವರು ಸಹಾಯಕ್ಕೆಂದು ಹತ್ತಿರವೇ ನಿಲ್ಲುವುದು ಹೆಚ್ಚು. ಮಳೆಗಾಲ ಮುಗಿದೊಡನೆ ಬೋಲ್ಟ್‌ಗಳ ಬಿಗಿತ ಹಾಗೂ ಕೊಂಡಿಯ ಸುತ್ತಲಿನ ಚಾಸಿಯ ತುಕ್ಕನ್ನು ಪರೀಕ್ಷಿಸಿ, ಬಾಗಿದ ಅಥವಾ ಬಿರುಕುಬಿಟ್ಟ ಕೊಂಡಿಯನ್ನು ರಿಪೇರಿ ಮಾಡಿಸದೆ ಬದಲಾಯಿಸತಕ್ಕದ್ದು.