ಇಡಿಗಂಟೋ, ತಿಂಗಳ ವೇತನವೋ?

ವಿಮಾನದ ಕ್ಯಾಪ್ಟನ್ ಎಂದರೆ ಕೈತುಂಬ ಸಂಬಳ ಎಣಿಸುವವನು, ಅವನಿಗೆ ಮುಪ್ಪಿನ ಚಿಂತೆ ಎಲ್ಲಿಯದು ಎಂದು ನಾವೆಲ್ಲ ಭಾವಿಸುವುದುಂಟು. ಆದರೆ 2004 ಮತ್ತು 2005ರಲ್ಲಿ ಅಮೆರಿಕದ ಡೆಲ್ಟಾ ವಿಮಾನ ಕಂಪೆನಿಯ ನೂರಾರು ಚಾಲಕರು, ಇನ್ನೂ ಹಲವು ವರ್ಷ ಹಾರುವ ಶಕ್ತಿಯೂ ಅರ್ಹತೆಯೂ ಇದ್ದಾಗಲೇ ತಾವಾಗಿ ನಿವೃತ್ತರಾದರು. ಅವರನ್ನು ಮನೆಗೆ ಕಳುಹಿಸಿದ್ದು ದಣಿವಲ್ಲ, ಭಯ.

ಈ ಭಯದ ಮೂಲವನ್ನು ತಿಳಿಯಬೇಕಾದರೆ ಅಲ್ಲಿನ ನಿವೃತ್ತಿ ವ್ಯವಸ್ಥೆಯನ್ನು ತುಸು ನೋಡಬೇಕು. 1960ರಿಂದ ಅಮೆರಿಕದಲ್ಲಿ ದೊಡ್ಡ ಕಂಪೆನಿಗಳ ವಿಮಾನ ಚಾಲಕರು 60 ತುಂಬಿದೊಡನೆ ಕೆಳಗಿಳಿಯಲೇಬೇಕೆಂಬ ಸರಕಾರಿ ನಿಯಮವಿತ್ತು. ನಲವತ್ತು ದಾಟಿದ ಕ್ಯಾಪ್ಟನ್ ಆರು ತಿಂಗಳಿಗೊಮ್ಮೆ ವೈದ್ಯರ ಮುಂದೆ ನಿಂತು ಉತ್ತೀರ್ಣನಾಗಬೇಕು. ನಾವು ಮಕ್ಕಳಿಗೆ ಅರ್ಧವಾರ್ಷಿಕ ಪರೀಕ್ಷೆ ಇಡುವಂತೆಯೇ ಸರಿ. ಆದರೆ ಇಲ್ಲಿ ಅನುತ್ತೀರ್ಣನಾದವನಿಗೆ ಕೆಲಸವೇ ಇಲ್ಲ. ಡೆಲ್ಟಾ ಚಾಲಕರಿಗೆ 50ನೆಯ ವಯಸ್ಸಿನಿಂದಲೇ ನಿವೃತ್ತಿ ಪಡೆಯುವ ಅವಕಾಶವಿತ್ತು. ಜೊತೆಗೆ, ಪಿಂಚಣಿಯ ಅರ್ಧಾಂಶದ ಬೆಲೆಯನ್ನು ಒಂದೇ ಸಲಕ್ಕೆ ಇಡಿಗಂಟಾಗಿ ಪಡೆದು, ಉಳಿದರ್ಧವನ್ನು ತಿಂಗಳು ತಿಂಗಳು ಪಡೆಯಬಹುದಾಗಿತ್ತು. ಪಿಂಚಣಿಯ ಒಂದಂಶವನ್ನು ಮುಂಗಡವಾಗಿ ಪಡೆಯುವ ಪದ್ಧತಿ ನಮ್ಮ ಅಧ್ಯಾಪಕ ಕುಟುಂಬಗಳಿಗೆ ಪರಿಚಿತವೇ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಕೊಡುವ ಕೈ ಸರಕಾರದ್ದು, ಅಲ್ಲಿ ಕಂಪೆನಿಯದು.

ಆ ಕಂಪೆನಿಯ ಕೈ ನಡುಗತೊಡಗಿತ್ತು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಪ್ರಯಾಣಿಕರು ಕಡಿಮೆಯಾದರು. ಇಂಧನದ ಬೆಲೆ ಏರಿತು. ಅಗ್ಗದ ದರದ ಕಂಪೆನಿಗಳ ಸ್ಪರ್ಧೆ ಬಲಿಯಿತು. ಯುನೈಟೆಡ್ ಕಂಪೆನಿ 2002ರ ಡಿಸೆಂಬರಿನಲ್ಲಿ ದಿವಾಳಿ ನ್ಯಾಯಾಲಯದ ಮೆಟ್ಟಲು ಹತ್ತಿತು. ಯು.ಎಸ್. ಏರ್‌ವೇಸ್ ಚಾಲಕರ ಪಿಂಚಣಿ ಯೋಜನೆ 2003ರಲ್ಲಿ ಕೊನೆಗೊಂಡಿತು. 2005ರ ಮೇ ತಿಂಗಳಲ್ಲಿ ಯುನೈಟೆಡ್‌ನ ಪಿಂಚಣಿ ಯೋಜನೆಗಳನ್ನೂ ಮುಚ್ಚಲು ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ನೆರೆಮನೆಯ ಮಾಡಿಗೆ ಹತ್ತಿದ ಬೆಂಕಿ ಡೆಲ್ಟಾ ಚಾಲಕರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹೀಗೆ ಮುಚ್ಚಿಹೋದ ಯೋಜನೆಗಳ ಹೊಣೆಯನ್ನು ಅಲ್ಲಿ ಸರಕಾರದ ಪಿಂಚಣಿ ವಿಮಾ ನಿಗಮವೊಂದು ಹೊರುತ್ತದೆ. ಆದರೆ ಅದಕ್ಕೆ ಮಿತಿಯುಂಟು. 2005ರ ಲೆಕ್ಕದಂತೆ, 65ನೆಯ ವಯಸ್ಸಿನಲ್ಲಿ ನಿವೃತ್ತನಾದವನಿಗೆ ವರ್ಷಕ್ಕೆ ಗರಿಷ್ಠ ಸುಮಾರು 45,600 ಡಾಲರು. 60ರಲ್ಲಿ ನಿವೃತ್ತನಾದವನಿಗೆ ಸುಮಾರು 29,600 ಡಾಲರು ಮಾತ್ರ. ಏಕೆಂದರೆ ನಿಗಮದ ಕಣ್ಣಿಗೆ 60 ಎಂದರೆ ಅವಧಿಗೆ ಮುನ್ನಿನ ನಿವೃತ್ತಿ! ಅರುವತ್ತಕ್ಕೆ ಇಳಿಯೆಂದು ಕಟ್ಟಪ್ಪಣೆ ಮಾಡಿದ್ದು ಸರಕಾರದ ಒಂದು ಕೈ. ಬೇಗ ಇಳಿದೆಯೆಂದು ಪಾಲು ಕಡಿದದ್ದು ಅದೇ ಸರಕಾರದ ಇನ್ನೊಂದು ಕೈ. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ನಾವು ಕಂಡಿಲ್ಲ.

ಈಗ ಐವತ್ತೈದರ ಒಬ್ಬ ಕ್ಯಾಪ್ಟನ್ ತನ್ನ ಮನೆಯ ಊಟದ ಮೇಜಿನ ಬಳಿ ಕಾಗದ ಪೆನ್ಸಿಲು ಹಿಡಿದು ಕುಳಿತಿದ್ದಾನೆಂದು ಭಾವಿಸಿರಿ. ಇಂದೇ ಬಿಟ್ಟರೆ ಗಂಟು ಕೈಗೆ ಬರುತ್ತದೆ. ಆದರೆ ಐದು ವರ್ಷದ ಸಂಬಳ ಹೋಗುತ್ತದೆ, ಪಿಂಚಣಿಯೂ ಕಿರಿದಾಗುತ್ತದೆ. ಉಳಿದರೆ ಸಂಬಳ ಬರುತ್ತದೆ. ಆದರೆ 2004ರ ಕೊನೆಯ ಒಪ್ಪಂದದಲ್ಲಿ ಆ ಸಂಬಳವೇ ನೂರಕ್ಕೆ 32.5ರಷ್ಟು ಕಡಿತವಾಗಿತ್ತು. ಈ ನಡುವೆ ಕಂಪೆನಿ ದಿವಾಳಿಯಾದರೆ ಗಂಟೂ ಇಲ್ಲ. ಬಡ್ಡಿಯ ದರ ಇಳಿದಷ್ಟೂ ಗಂಟು ಹಿರಿದಾಗುತ್ತದೆ, ಏರಿದಷ್ಟೂ ಕಿರಿದಾಗುತ್ತದೆ, ಅದನ್ನೂ ಗಮನಿಸಬೇಕು. ಮಕ್ಕಳು ಕಾಲೇಜಿನಲ್ಲಿದ್ದರೆ, ಮನೆಯ ಸಾಲ ತೀರದಿದ್ದರೆ, ಹೆಂಡತಿಗೆ ಬೇರೆ ಆದಾಯವಿಲ್ಲದಿದ್ದರೆ ಲೆಕ್ಕ ಮತ್ತಷ್ಟು ತೊಡಕಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಇನ್ನೂ ಒಂದು ಸೂಕ್ಷ್ಮವಿತ್ತು. ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ಹಣವಿರಲಿಲ್ಲ. ಮೊದಲು ಹೋದವನು ತನ್ನ ಗಂಟನ್ನು ಪೂರ್ತಿಯಾಗಿ ಒಯ್ದಂತೆಲ್ಲ ಹಿಂದೆ ಉಳಿದವರ ಪಾಲು ತೆಳ್ಳಗಾಗುತ್ತಿತ್ತು. ಹೋದವರನ್ನು ಸ್ವಾರ್ಥಿಗಳೆಂದು ಹಳಿಯುವುದು ಸುಲಭ, ಆದರೆ ನಮಗೆ ಅದು ನ್ಯಾಯವಾಗಿ ತೋರದು. ವೃತ್ತಿಯುದ್ದಕ್ಕೂ ದುಡಿದು ಗಳಿಸಿದ್ದನ್ನು ಕೇಳಿ ಪಡೆದವನ ತಪ್ಪೇನು? ತಪ್ಪಿದ್ದರೆ ನಿಧಿಯನ್ನು ಬರಿದಾಗಲು ಬಿಟ್ಟವರದು.

ಹಿರಿಯರು ಹೀಗೆ ಸಾಲುಸಾಲಾಗಿ ಹೊರಟಾಗ ಕಂಪೆನಿಗೂ ದಿಗಿಲಾಯಿತು. ದೊಡ್ಡ ವಿಮಾನಗಳನ್ನು ನಡೆಸುವವರು ಹಿರಿಯರೇ. ಒಬ್ಬ ಹಿರಿಯ ಹೋದರೆ ಅವನ ಸ್ಥಾನಕ್ಕೆ ಮತ್ತೊಬ್ಬ, ಅವನ ಸ್ಥಾನಕ್ಕೆ ಇನ್ನೊಬ್ಬ, ಎಲ್ಲರಿಗೂ ಹೊಸ ವಿಮಾನದ ತರಬೇತಿ. ಆದುದರಿಂದ 2004ರ ಸೆಪ್ಟೆಂಬರಿನಲ್ಲಿ, ನಿವೃತ್ತರಾದವರಲ್ಲಿ ಕೆಲವರನ್ನು ತಾತ್ಕಾಲಿಕವಾಗಿ ಮರಳಿ ಕರೆಸಿಕೊಳ್ಳಲು ಚಾಲಕರ ಸಂಘದೊಡನೆ ಒಪ್ಪಂದವಾಯಿತು. ಆದರೂ ಕುಸಿತ ತಪ್ಪಲಿಲ್ಲ. 2005ರ ಸೆಪ್ಟೆಂಬರ್ 14ರಂದು ಡೆಲ್ಟಾ ದಿವಾಳಿ ರಕ್ಷಣೆ ಕೋರಿತು. ಇಡಿಗಂಟಿನ ಪಾವತಿ ನಿಂತಿತು. 2006ರಲ್ಲಿ ಚಾಲಕರ ಪಿಂಚಣಿ ಯೋಜನೆಯೇ ಮುಕ್ತಾಯವಾಯಿತು. ಭಯಪಟ್ಟವರ ಲೆಕ್ಕ ಸರಿಯಾಗಿತ್ತು.

ಆದರೆ ಪೂರ್ತಿ ಸರಿಯೆನ್ನಲೂ ಬಾರದು. 2007ರ ಡಿಸೆಂಬರ್ 13ರಂದು ಅಮೆರಿಕ ನಿವೃತ್ತಿ ವಯಸ್ಸನ್ನು 65ಕ್ಕೆ ಏರಿಸಿತು. ಕೆಲಸದಲ್ಲಿ ಉಳಿದವರಿಗೆ ಐದು ವರ್ಷದ ದುಡಿಮೆ ದೊರೆಯಿತು. ಆ ದಿನಕ್ಕೆ ಮುನ್ನ ಅರುವತ್ತು ದಾಟಿದವನು ಮರಳಬೇಕಾದರೆ ಹೊಸಬನಾಗಿ, ಸೇವಾಜ್ಯೇಷ್ಠತೆಯ ಪಟ್ಟಿಯ ತುದಿಯಲ್ಲಿ ಸೇರಬೇಕಾಗಿತ್ತು. ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬ ಹಾರುತ್ತಿದ್ದ, ಇನ್ನೊಬ್ಬ ಅಂಗಳದಲ್ಲಿ ನಿಂತು ನೋಡುತ್ತಿದ್ದ.

2020ರ ಮಹಾಮಾರಿಯ ಕಾಲದಲ್ಲಿ ಗಾಳಿ ತಿರುಗಿತು. ಆಗ ಕಂಪೆನಿಗಳೇ ಹಣದ ಆಮಿಷವೊಡ್ಡಿ ಹಿರಿಯರನ್ನು ಕಳುಹಿಸಿದವು. ಡೆಲ್ಟಾ ಒಂದರಲ್ಲೇ ಸುಮಾರು 1,800 ಚಾಲಕರು ಒಪ್ಪಿ ಹೊರಟರು. ಎರಡೇ ವರ್ಷದಲ್ಲಿ ಪ್ರಯಾಣಿಕರು ಹಿಂದಿರುಗಿದಾಗ ಚಾಲಕರೇ ಸಾಲದೆ, ಸಣ್ಣ ಊರುಗಳ ವಿಮಾನಗಳು ನಿಂತವು.

ಆ ಬಳಿಕ ವಯಸ್ಸನ್ನು 67ಕ್ಕೆ ಏರಿಸುವ ಪ್ರಸ್ತಾಪ ಬಂತು. ಅಲ್ಲಿನ ದೊಡ್ಡ ಚಾಲಕರ ಸಂಘವೇ ಅದನ್ನು ವಿರೋಧಿಸಿತು. ಅಂತರರಾಷ್ಟ್ರೀಯ ನಿಯಮದ ಮಿತಿ 65 ಆಗಿದ್ದುದರಿಂದ ಅದನ್ನು ದಾಟಿದವರು ಹೊರದೇಶಕ್ಕೆ ಹಾರುವಂತಿರಲಿಲ್ಲ. ಅವರು ಒಳನಾಡಿನ ಸಣ್ಣ ವಿಮಾನಗಳಿಗೆ ಇಳಿದರೆ ಕಿರಿಯರ ಸ್ಥಾನ ಅಲುಗುತ್ತದೆಂಬುದು ಅವರ ವಾದ. 2024ರ ಮೇ ತಿಂಗಳಲ್ಲಿ ಅಂಗೀಕೃತವಾದ ವಾಯುಯಾನ ಕಾಯಿದೆಯಲ್ಲಿ ಆ ಪ್ರಸ್ತಾಪಕ್ಕೆ ಎಡೆ ದೊರೆಯಲಿಲ್ಲ.