ವಿದೇಶಿ ಮೊಹರು ಸಾಕೆ? ಓದುವ ಕಣ್ಣೂ ಬೇಕು

ಬೇರೆ ರಾಜ್ಯದಿಂದ ಹಳೆಯ ಕಾರು ತಂದು ತುಮಕೂರಿನ ಕೆಎ–06 ನಂಬರ್ ಹಾಕಿಸಬೇಕೆಂದರೆ ದಾಖಲೆಗಳೆಲ್ಲ ಸರಿಯಿರಬೇಕು. ಯಾರಾದರೂ ನಡುವೆ ಗ್ಯಾಸ್ ಕಿಟ್ ಕೂರಿಸಿದ್ದರೆ ಅದೂ ಆರ್‌ಸಿಯಲ್ಲಿ ನಮೂದಾಗಿರಬೇಕು. ವಿದೇಶದಿಂದ ತರುವ ವಿಮಾನಕ್ಕೂ ಇದೇ ನ್ಯಾಯ.

ವಿಮಾನದ ಮೂಲ ವಿನ್ಯಾಸಕ್ಕೆ ‘ಟೈಪ್ ಸರ್ಟಿಫಿಕೇಟ್’ ಇರುತ್ತದೆ. ಆಮೇಲೆ ಬೇರೊಂದು ಸಂಸ್ಥೆ ಅದರಲ್ಲಿ ದೊಡ್ಡ ಬದಲಾವಣೆ ಮಾಡಿದರೆ ‘ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್’, ಅಂದರೆ ಎಸ್‌ಟಿಸಿ ಬೇಕು. 2022ರಲ್ಲಿ ಇಂಡಿಗೊ ಪಡೆದ ಮೊದಲ ಸರಕು ವಿಮಾನವನ್ನೇ ನೋಡಿ. ಅದು ಮೊದಲು ಪ್ರಯಾಣಿಕರ ಏರ್‌ಬಸ್ ಎ321 ಆಗಿತ್ತು. ಸೀಟು ತೆಗೆದು, ದೊಡ್ಡ ಬಾಗಿಲು ಇಟ್ಟು ಅದನ್ನು ಪರಿವರ್ತಿಸಿದ್ದು ಸಿಂಗಪುರದಲ್ಲಿ.

ಅಮೆರಿಕದ ಎಫ್‌ಎಎ ಅಥವಾ ಯುರೋಪಿನ ಇಎಎಸ್‌ಎ ಪರೀಕ್ಷಿಸಿ ಒಪ್ಪಿದ್ದನ್ನು ನಮ್ಮ ಡಿಜಿಸಿಎ ಮೊದಲಿನಿಂದ ಮತ್ತೆ ಪರೀಕ್ಷಿಸುತ್ತ ಕೂತರೆ ಸಮಯ, ಹಣ ಎರಡೂ ದಂಡ. ಆದ್ದರಿಂದ ವಿದೇಶಿ ಒಪ್ಪಿಗೆಯನ್ನು ಆಧಾರವಾಗಿ ಸ್ವೀಕರಿಸುವ ಪದ್ಧತಿ ಇದೆ. ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕುವಂತಿಲ್ಲ. ಆ ಎಸ್‌ಟಿಸಿ ಇದೇ ಮಾದರಿಗೆ ಅನ್ವಯಿಸುತ್ತದೆಯೇ? ಹಾರಾಟ ಕೈಪಿಡಿಗೆ ಪೂರಕ ಪುಟಗಳು ಸೇರಿವೆಯೇ? ಮುಂದಿನ ನಿರ್ವಹಣೆಗೆ ಸೂಚನೆಗಳು ಬಂದಿವೆಯೇ? ಒಂದೇ ವಿಮಾನದಲ್ಲಿ ಎರಡು ಮಾರ್ಪಾಡುಗಳಿದ್ದರೆ ಅವು ಒಂದಕ್ಕೊಂದು ಹೊಂದುತ್ತವೆಯೇ? ಬಿಡಿಬಿಡಿಯಾಗಿ ಸರಿಯಿದ್ದದ್ದು ಒಟ್ಟಿಗೆ ಸೇರಿದಾಗ ತೊಂದರೆ ಕೊಡಬಹುದು.

ಮೊಹರೊಂದೇ ಸಾಲದು ಎಂಬುದಕ್ಕೆ ಕಹಿ ಸಾಕ್ಷಿಯಿದೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಗೆ ಹೊರಟ ಸ್ವಿಸ್‌ಏರ್ 111 ವಿಮಾನ ಬೆಂಕಿ ಹೊತ್ತಿ ಕೆನಡಾದ ಕರಾವಳಿಯ ಸಮುದ್ರಕ್ಕೆ ಬಿತ್ತು. 229 ಮಂದಿ ಸತ್ತರು. ಅದರಲ್ಲಿದ್ದ ಮನರಂಜನಾ ವ್ಯವಸ್ಥೆಗೆ ಎಫ್‌ಎಎ ಒಪ್ಪಿದ ಎಸ್‌ಟಿಸಿ ಇತ್ತು. ಆದರೆ ಕ್ಯಾಬಿನ್ನಿನ ವಿದ್ಯುತ್ ಕಡಿತಗೊಳಿಸುವ ಸ್ವಿಚ್ ಒತ್ತಿದರೂ ಅದು ಆರುವಂತಿರಲಿಲ್ಲ. ಮೊದಲ ಕಿಡಿ ಅಲ್ಲಿಂದಲೇ ಬಂತೆಂದು ತನಿಖೆ ಖಚಿತವಾಗಿ ಹೇಳಲಿಲ್ಲ. ಆ ಜೋಡಣೆ ಮೂಲ ವಿನ್ಯಾಸಕ್ಕೆ ಹೊಂದುತ್ತಿರಲಿಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿತು. ಆ ಎಸ್‌ಟಿಸಿ ಬಳಿಕ ರದ್ದಾಯಿತು.

ಪರಿಶೀಲಿಸುವ ಜನ ಕಡಿಮೆಯಾದರೆ ದೇಶದ ಮರ್ಯಾದೆಗೂ ಧಕ್ಕೆ. 2014ರ ಜನವರಿಯಲ್ಲಿ ಎಫ್‌ಎಎ ಭಾರತವನ್ನು ಸುರಕ್ಷತೆಯ ಎರಡನೇ ದರ್ಜೆಗೆ ಇಳಿಸಿತ್ತು. ಪೂರ್ಣಾವಧಿ ತಪಾಸಕರ ಕೊರತೆಯೂ ಅದಕ್ಕೊಂದು ಕಾರಣ. ಮೊದಲ ದರ್ಜೆ ಮರಳಿ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ.

ಇದು ನಮ್ಮ ಜಿಲ್ಲೆಗೆ ದೂರದ ಮಾತಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಸೇನೆಯ ಹೆಲಿಕಾಪ್ಟರ್‌ಗಳಿಗೆ ಒಪ್ಪಿಗೆ ಕೊಡುವುದು ಬೆಂಗಳೂರಿನ ಸೆಮಿಲಾಕ್. ನಾಳೆ ಇಲ್ಲಿನ ನಾಗರಿಕ ಹೆಲಿಕಾಪ್ಟರ್ ಹೊರದೇಶಕ್ಕೆ ಹೋದರೆ, ಅಲ್ಲಿನ ಅಧಿಕಾರಿಯೂ ನಮ್ಮ ಕಾಗದಗಳನ್ನು ಹೀಗೆಯೇ ಸಾಲುಸಾಲಾಗಿ ಓದುತ್ತಾನೆ.

ವಿಮಾನವೆಂದರೆ ಪೈಲಟ್, ಗಗನಸಖಿ ಇಷ್ಟೇ ಎಂದುಕೊಂಡ ಗುಬ್ಬಿ, ಕುಣಿಗಲ್‌ನ ಗೆಳೆಯರೇ, ಇಲ್ಲೂ ಕೆಲಸವಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್‌ಗೆ ತಯಾರಾಗಬಹುದು. ಎಂಜಿನಿಯರಿಂಗ್ ಪದವೀಧರರು ಯುಪಿಎಸ್‌ಸಿ ಮೂಲಕ ಡಿಜಿಸಿಎಯ ಏರ್‌ವರ್ದಿನೆಸ್ ಅಧಿಕಾರಿಯಾಗಬಹುದು. ತರಬೇತಿಯ ಖರ್ಚು ಹಗುರವಲ್ಲ, ನಿಜ. ಆದರೆ ಕೈಪಿಡಿಯ ಅಡಿಟಿಪ್ಪಣಿಯನ್ನೂ ಬಿಡದೆ ಓದುವ ತಾಳ್ಮೆಗೆ ಶುಲ್ಕವಿಲ್ಲ. ಅದನ್ನು ಇವತ್ತೇ ಕಾಲೇಜಿನ ಲ್ಯಾಬಿನಲ್ಲಿ ಶುರು ಮಾಡಬಹುದು.