ನದೀ ಅಂಧತೆಯ ನಿವಾರಣೆ ಮತ್ತು ರಾಷ್ಟ್ರಗಳ ಸಹಕಾರ

ಪಶ್ಚಿಮ ಆಫ್ರಿಕದ ವೋಲ್ಟಾ ನದಿಯ ಕಣಿವೆಗಳಲ್ಲಿ ಅರ್ಧ ಶತಮಾನದ ಹಿಂದೆ ಸರ್ವಸಾಮಾನ್ಯವಾಗಿದ್ದ ದೃಶ್ಯವೊಂದುಂಟು: ಕೋಲಿನ ಒಂದು ತುದಿಯನ್ನು ಹಿಡಿದು ಮುಂದೆ ನಡೆಯುವ ಬಾಲಕ, ಇನ್ನೊಂದು ತುದಿಯನ್ನು ಹಿಡಿದು ಹಿಂದೆ ಬರುವ ದೃಷ್ಟಿಹೀನ ಹಿರಿಯ. ಶಾಲೆಯಲ್ಲಿರಬೇಕಾದ ವಯಸ್ಸಿನಲ್ಲಿ ಹುಡುಗನು ತಂದೆಗೆ ಕಣ್ಣಾಗಬೇಕಾಗಿತ್ತು. ಈ ದೃಶ್ಯವನ್ನೇ ಶಿಲ್ಪವಾಗಿಸಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನಿಲ್ಲಿಸಲಾಗಿದೆ.

ಆಂಕೊಸರ್ಕಿಯಾಸಿಸ್ ಎಂಬ ಶಾಸ್ತ್ರೀಯ ನಾಮಧೇಯವುಳ್ಳ ಈ ವ್ಯಾಧಿಗೆ ಲೋಕರೂಢಿಯಲ್ಲಿ ‘ನದೀ ಅಂಧತೆ’ ಎಂದೇ ಹೆಸರು. ನೀರಿಗೆ ‘ಜೀವನ’ವೆಂಬ ಪರ್ಯಾಯಪದವನ್ನು ಬಲ್ಲವರಿಗೆ ಈ ಹೆಸರು ವಿಪರೀತವಾಗಿ ತೋರಿದರೆ ಆಶ್ಚರ್ಯವಿಲ್ಲ. ರಭಸದಿಂದ ಹರಿಯುವ ನೀರಿನಲ್ಲಿ ಹುಟ್ಟುವ ಒಂದು ಬಗೆಯ ಕಪ್ಪು ನೊಣವು ಮನುಷ್ಯನನ್ನು ಕಚ್ಚಿದಾಗ ಸೂಕ್ಷ್ಮವಾದ ಹುಳುಗಳು ದೇಹವನ್ನು ಸೇರುತ್ತವೆ. ಬೆಳೆದ ಹುಳುವು ಚರ್ಮದ ಕೆಳಗೆ ಗಂಟಿನೊಳಗೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಅದರ ಲೆಕ್ಕವಿಲ್ಲದಷ್ಟು ಮರಿಗಳು ಚರ್ಮದಲ್ಲಿ ಸಂಚರಿಸಿ, ದುಸ್ಸಹವಾದ ತುರಿಕೆಯನ್ನುಂಟುಮಾಡಿ, ಕಣ್ಣನ್ನು ಹೊಕ್ಕು ಕ್ರಮೇಣ ದೃಷ್ಟಿಯನ್ನು ಅಪಹರಿಸುತ್ತವೆ. ಫಲವತ್ತಾದ ನೆಲವೆಲ್ಲ ನದಿಯ ಮಗ್ಗುಲಲ್ಲಿಯೇ; ಜನರಾದರೋ ಅದನ್ನು ಪಾಳುಬಿಟ್ಟು ದೂರದ ಬರಡುಭೂಮಿಗೆ ವಲಸೆಹೋದರು.

ಈ ನೊಣವು ಗಾಳಿಯೊಡನೆ ನೂರಾರು ಕಿಲೋಮೀಟರು ಹಾರಬಲ್ಲುದು. ಅದಕ್ಕೆ ದೇಶಗಳ ಗಡಿಯೆಂಬುದು ತಿಳಿಯದು. ಆದುದರಿಂದ ಒಂದು ರಾಷ್ಟ್ರದ ಪ್ರಯತ್ನ ವ್ಯರ್ಥವೆಂಬುದನ್ನರಿತು 1974ರಲ್ಲಿ ಘಾನಾ, ಮಾಲಿ, ನೈಜರ್ ಮೊದಲಾದ ಏಳು ರಾಷ್ಟ್ರಗಳು ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಬ್ಯಾಂಕು ಮುಂತಾದವುಗಳೊಡನೆ ಕೈಗೂಡಿಸಿದವು. ಮುಂದೆ ಅವು ಹನ್ನೊಂದಾದವು. ಹೆಲಿಕಾಪ್ಟರುಗಳಿಂದ ನದಿಗಳಿಗೆ ಔಷಧಿ ಸಿಂಪಡಿಸಿ ನೊಣದ ಮರಿಗಳನ್ನು ಕೊಲ್ಲುವ ಕಾರ್ಯವು ವರ್ಷಾನುವರ್ಷ ನಡೆಯಿತು. ಒಂದು ಔಷಧಿಗೆ ನೊಣ ಒಗ್ಗಿಕೊಂಡಾಗ ಇನ್ನೊಂದನ್ನು ಬಳಸಬೇಕಾಯಿತು. 2002ರಲ್ಲಿ ಈ ಕಾರ್ಯಕ್ರಮ ಮುಗಿಯುವ ವೇಳೆಗೆ ಪಾಳುಬಿದ್ದ ಹೊಲಗಳಿಗೆ ಜನ ಹಿಂದಿರುಗಿದ್ದರು.

ಅಷ್ಟರಲ್ಲಿ ಐವರ್ಮೆಕ್ಟಿನ್ ಎಂಬ ಗುಳಿಗೆಯೂ ಲಭಿಸಿತ್ತು. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದು ಇದಕ್ಕೆ ಮೂಲ. ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್ಬೆಲ್ ಅವರಿಗೆ ಈ ಸಾಧನೆಗಾಗಿ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮರ್ಕ್ ಕಂಪನಿಯು 1987ರಲ್ಲಿ, ಅಗತ್ಯವಿರುವಷ್ಟು ಕಾಲ ಅಗತ್ಯವಿರುವಷ್ಟು ಗುಳಿಗೆಗಳನ್ನು ಉಚಿತವಾಗಿ ಕೊಡುವೆನೆಂದು ಘೋಷಿಸಿತು. ದಾನವೇನೋ ದೊಡ್ಡದೇ. ಆದರೆ ಗುಳಿಗೆಯು ಮರಿಗಳನ್ನು ಅಳಿಸುವುದಲ್ಲದೆ ಬೆಳೆದ ಹುಳುವನ್ನು ಕೊಲ್ಲದು. ಆ ಹುಳುವಿನ ಆಯುಸ್ಸು ತೀರುವವರೆಗೆ ಪ್ರತಿವರ್ಷವೂ ಸೇವಿಸಬೇಕು. ವೈದ್ಯನೇ ಇಲ್ಲದ ಹಳ್ಳಿಗೆ ಅದನ್ನು ವರ್ಷವರ್ಷವೂ ಮುಟ್ಟಿಸುವವರಾರು?

ವಾಹನವೇರಿ ಬರುವ ಹೊರಗಿನ ತಂಡಗಳಿಂದ ಇದು ಬಹುಕಾಲ ಸಾಗುವಂತಿರಲಿಲ್ಲ. 1995ರಲ್ಲಿ ಆಫ್ರಿಕದ ಉಳಿದ ದೇಶಗಳಿಗಾಗಿ ಆರಂಭವಾದ ಎರಡನೆಯ ಕಾರ್ಯಕ್ರಮವು ಈ ಹೊಣೆಯನ್ನು ಹಳ್ಳಿಗರಿಗೇ ಒಪ್ಪಿಸಿತು. ಯಾರು ಹಂಚಬೇಕು, ಯಾವಾಗ ಹಂಚಬೇಕು ಎಂಬುದು ಗ್ರಾಮಸಭೆಯ ತೀರ್ಮಾನ. ತೂಕದ ಯಂತ್ರಕ್ಕೆ ಬದಲಾಗಿ ಗೆರೆ ಎಳೆದ ಒಂದು ಅಳತೆಗೋಲು ಸಾಕಾಯಿತು. ಎತ್ತರಕ್ಕೆ ತಕ್ಕಂತೆ ಒಂದರಿಂದ ನಾಲ್ಕು ಗುಳಿಗೆ. ತೊಂಬತ್ತು ಸೆಂಟಿಮೀಟರಿಗಿಂತ ಗಿಡ್ಡವಾದ ಮಗುವಿಗೆ ಇಲ್ಲ. ಕೋಟ್ಯಂತರ ರೂಪಾಯಿಗಳ ಹೆಲಿಕಾಪ್ಟರಿಗಿಂತ ಈ ಅಳತೆಗೋಲೇ ಹೆಚ್ಚು ಕಾಲ ಬಾಳಿತೆನ್ನಬೇಕು.

ಕೊರತೆಗಳೂ ಇಲ್ಲದಿಲ್ಲ. ಹಂಚುವವರಿಗೆ ಬಹುಮಟ್ಟಿಗೆ ಸಂಬಳವಿಲ್ಲ. ಉಳುಮೆಯ ದಿನಗಳಲ್ಲಿ ತಮ್ಮ ಹೊಲವನ್ನು ಬಿಟ್ಟು ಮನೆಮನೆ ತಿರುಗುವುದು ಸುಲಭಸಾಧ್ಯವಲ್ಲ. ಮಧ್ಯ ಆಫ್ರಿಕದಲ್ಲಿ ಲೋವಾ ಎಂಬ ಬೇರೊಂದು ಹುಳು ರಕ್ತದಲ್ಲಿ ಅಧಿಕವಾಗಿರುವವರಿಗೆ ಈ ಗುಳಿಗೆಯೇ ಅಪಾಯಕಾರಿಯಾಗುವುದರಿಂದ ಅಲ್ಲಿ ವಿಶೇಷ ಎಚ್ಚರ ಅವಶ್ಯ.

2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೈಜರ್ ದೇಶವನ್ನು ಈ ವ್ಯಾಧಿಯಿಂದ ಮುಕ್ತವೆಂದು ಸಾರಿತು. ಆಫ್ರಿಕ ಖಂಡದಲ್ಲಿ ಅದೇ ಮೊದಲನೆಯದು. ಉಳಿದ ಅನೇಕ ದೇಶಗಳಲ್ಲಿ ಅಳತೆಗೋಲನ್ನು ಹಿಡಿದು ಮನೆಮನೆಗೆ ಹೋಗುವ ಕಾರ್ಯವು ಇನ್ನೂ ನಡೆದಿದೆ.